ಮದುವೆಯ ವಯಸ್ಸು ಇಬ್ಬರಿಗೂ 18 ಆಗಲಿ

ಹೆಣ್ಣುಮಕ್ಕಳ ಮದುವೆಯ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಏರಿಸಬೇಕೆಂಬ ಬೇಡಿಕೆ ಇನ್ನೂ ಜೀವಂತವಾಗಿದೆ. 2021ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಮಸೂದೆ 17ನೇ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋದರೂ, 2024ರಲ್ಲಿ ಹಿಮಾಚಲ ಪ್ರದೇಶದ ವಿಧಾನಸಭೆ ಅದೇ ಆಶಯದ ಮಸೂದೆಯನ್ನು ಅಂಗೀಕರಿಸಿತು. ಹುಡುಗಿ ಪದವಿ ಮುಗಿಸಲಿ, ತನ್ನ ಕಾಲ ಮೇಲೆ ನಿಲ್ಲಲಿ, ಎಳೆಯ ಮೈಗೆ ಬಸಿರಿನ ಭಾರ ಬೀಳದಿರಲಿ ಎಂಬ ಕಾಳಜಿ ನನ್ನದೂ ಹೌದು. ಆದರೂ ಈ ಏರಿಕೆಯನ್ನು ನಾನು ಒಪ್ಪುವುದಿಲ್ಲ. ಕಾನೂನು ಆಯೋಗ 2008ರ ವರದಿಯಲ್ಲಿಯೇ ಹೇಳಿದಂತೆ, ಹೆಣ್ಣಿಗೂ ಗಂಡಿಗೂ 18 ಎಂದು ನಿಗದಿಮಾಡಿ ಅದನ್ನು ಕಟ್ಟುನಿಟ್ಟಾಗಿ ಪಾಲಿಸುವುದೇ ಸರಿ.

1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1978ರಲ್ಲಿ ಅದು 18 ಮತ್ತು 21 ಆಯಿತು. ಅಲ್ಲಿಂದೀಚೆಗೆ ಈ ಮಿತಿ ಬದಲಾಗಿಲ್ಲ. ಹಾಗಿದ್ದೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 20ರಿಂದ 24 ವರ್ಷದ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರ ಪ್ರಮಾಣ 2005-06ರಲ್ಲಿ ಶೇ 47.4 ಇದ್ದದ್ದು 2019-21ರ ಹೊತ್ತಿಗೆ ಶೇ 23.3ಕ್ಕೆ ಇಳಿಯಿತು. ವಯಸ್ಸಿನ ಮಿತಿ ಏರದೆಯೇ ಆದ ಈ ಇಳಿಕೆಯಲ್ಲಿ ಹುಡುಗಿಯರು ಶಾಲೆಯಲ್ಲಿ ಹೆಚ್ಚು ವರ್ಷ ಉಳಿದದ್ದರ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ. ಉಳಿದಿರುವ ಆ ಶೇ 23ರಷ್ಟು ಹುಡುಗಿಯರಿಗೆ 18ರ ಕಾನೂನೇ ಇನ್ನೂ ತಲುಪಿಲ್ಲ. 21ರ ಕಾನೂನು ಅವರಿಗೆ ಹೇಗೆ ತಲುಪೀತು?

ನಮ್ಮ ಹಳ್ಳಿಗಳಲ್ಲಿ ಬಾಲ್ಯವಿವಾಹ ನಿಲ್ಲುವ ಬಗೆಯನ್ನು ನೋಡಿದವರಿಗೆ ಇದು ಗೊತ್ತು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತಾರೆ, ಅಧಿಕಾರಿಗಳು ಪೊಲೀಸರೊಂದಿಗೆ ಬಂದು ಶಾಲೆಯ ದಾಖಲೆಯಲ್ಲಿರುವ ಜನ್ಮದಿನಾಂಕ ನೋಡುತ್ತಾರೆ, ಹಂದರದ ಕೆಳಗೇ ತಂದೆತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಹೋಗುತ್ತಾರೆ. ಕೆಲವು ದಿನ ಕಳೆದ ಮೇಲೆ ಬೇರೆ ತಾಲ್ಲೂಕಿನ ದೇವಸ್ಥಾನದಲ್ಲಿಯೋ ನೆಂಟರ ಮನೆಯಲ್ಲಿಯೋ ಸದ್ದಿಲ್ಲದೆ ತಾಳಿ ಬೀಳುತ್ತದೆ. ಆ ಹುಡುಗಿ ಬಸಿರಾದಾಗ, ತಾಯಿ ಕಾರ್ಡ್ ಮಾಡಿಸಲು ಹೋದರೆ ವಯಸ್ಸು ಕೇಳುತ್ತಾರೆ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣವಾಗುತ್ತದೆ ಎಂಬ ಭಯದಿಂದ ಮನೆಯವರು ಆಸ್ಪತ್ರೆಯಿಂದಲೇ ದೂರ ಉಳಿಯುತ್ತಾರೆ. ಅವಳಿಗೆ ವೈದ್ಯರ ನೆರವು ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಆಗಲೇ.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ, ಇದನ್ನು ಚರ್ಚೆಯಲ್ಲಿ ಯಾರೂ ಅಷ್ಟಾಗಿ ಎತ್ತುವುದಿಲ್ಲ. 2006ರ ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ಸಾಮಾನ್ಯವಾಗಿ ನ್ಯಾಯಾಲಯದ ಮೂಲಕ ರದ್ದುಪಡಿಸಿಕೊಳ್ಳಬೇಕು; ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಆರಂಭದಿಂದಲೇ ಅಸಿಂಧು. 15ರ ಬಾಲೆಯ ರಕ್ಷಣೆಗೆ ಇದು ಒಳ್ಳೆಯ ಅಸ್ತ್ರ, ನಾನು ಇದನ್ನು ಮೆಚ್ಚುತ್ತೇನೆ. ಆದರೆ ಮಿತಿ 21ಕ್ಕೆ ಏರಿ ಈ ನಿಯಮ ಹಾಗೆಯೇ ಉಳಿದರೆ, ಮತ ಹಾಕಬಲ್ಲ, ಆಸ್ತಿ ಮಾರಬಲ್ಲ 20ರ ಹೆಂಗಸು ಸ್ವಇಚ್ಛೆಯಿಂದ ಆದ ಮದುವೆಯೂ ಇಲ್ಲವೆಂದೇ ಆಗುತ್ತದೆ. ಗಂಡ ಬಿಟ್ಟುಹೋದರೆ ಅಥವಾ ತೀರಿಕೊಂಡರೆ, ಹೆಂಡತಿ ಎಂಬ ನೆಲೆಯಲ್ಲಿ ಹಕ್ಕು ಕೇಳುವುದೇ ಅವಳಿಗೆ ಕಷ್ಟವಾಗುತ್ತದೆ.

ಜಾತಿ ಮೀರಿ ಒಲಿದವರ ಪಾಡಂತೂ ಇನ್ನೂ ಕಷ್ಟ. ಈಗ 18 ತುಂಬಿದ ಹುಡುಗಿ ಠಾಣೆಯಲ್ಲಿ ನಿಂತು ‘ನಾನೇ ಒಪ್ಪಿ ಮದುವೆಯಾಗಿದ್ದೇನೆ’ ಎಂದರೆ ಆ ಮಾತಿಗೆ ಕಾನೂನಿನ ಬಲವಿದೆ. ಆ ಬಲವನ್ನು ಇನ್ನೂ ಮೂರು ವರ್ಷ ಅವಳಿಂದ ಕಿತ್ತುಕೊಂಡರೆ ಅದು ಹೋಗಿ ಸೇರುವುದು ಅವಳನ್ನು ಬೆನ್ನಟ್ಟಿ ಬಂದ ಮನೆಯವರ ಕೈಗೆ. ಗಂಡು ಹೆಣ್ಣಿಗಿಂತ ಮೂರು ವರ್ಷ ದೊಡ್ಡವನಿರಬೇಕೆಂಬ ಹಳೆಯ ಎಣಿಕೆ ಕಾನೂನಿನಿಂದ ಹೋಗಲೇಬೇಕು, ಅದಕ್ಕೆ ಅವನ ಮಿತಿಯನ್ನು 18ಕ್ಕೆ ತಂದರೆ ಸಾಕು.

ಸರ್ಕಾರ ನಿಜವಾಗಿ ನೋಡಬೇಕಾದದ್ದು ಎಸ್ಸೆಸ್ಸೆಲ್ಸಿಯ ನಂತರದ ಎರಡು ವರ್ಷಗಳನ್ನು. ಪಿಯು ಕಾಲೇಜು ದೂರವಿದ್ದು, ಸಂಜೆ ಊರಿಗೆ ಬಸ್ಸಿಲ್ಲದೆ, ಹಾಸ್ಟೆಲಿನಲ್ಲಿ ಸೀಟೂ ಸಿಗದೆ ಹುಡುಗಿ ಮನೆಯಲ್ಲಿ ಕುಳಿತ ಕೂಡಲೇ ‘ಒಳ್ಳೆಯ ಸಂಬಂಧ ಬಂದಿದೆ’ ಎಂಬ ಮಾತು ಶುರುವಾಗುತ್ತದೆ. ಪ್ರತಿ ಹೋಬಳಿಯಲ್ಲೂ ಹತ್ತನೆಯ ತರಗತಿ ಮುಗಿಸಿದ ಹುಡುಗಿಯರಲ್ಲಿ ಎಷ್ಟು ಮಂದಿ ಪಿಯುಗೆ ಸೇರಿದರು, ಸೇರದವರು ಎಲ್ಲಿದ್ದಾರೆ ಎಂಬ ಲೆಕ್ಕವನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದು ನಮ್ಮ ಶಾಸಕರನ್ನು ನಾವು ಒತ್ತಾಯಿಸಬೇಕು.