ಸಭೆಯ ಮಾತಿಗೆ ತೂಕ ಬರುವುದು ಎಲ್ಲಿಂದ?

ಕಳೆದ ಭಾನುವಾರ ಆರಾಧನೆ ಮುಗಿಸಿ ಹೊರಬರುವಾಗ ನಮ್ಮ ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಹಿರಿಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅಂದಿನ ಪ್ರಸಂಗದಲ್ಲಿ ಸಭಾಪಾಲಕರು ಕೂಲಿಕಾರರ ವೇತನದ ಮಾತೆತ್ತಿದ್ದು ಅವರಿಗೆ ಸರಿಬಂದಿರಲಿಲ್ಲ. “ಸಭೆಗೂ ಸರ್ಕಾರದ ಕಾನೂನಿಗೂ ಏನಮ್ಮಾ ಸಂಬಂಧ? ಆತ್ಮಗಳನ್ನು ಕಾಯುವುದಷ್ಟೇ ನಮ್ಮ ಕೆಲಸ” ಎಂದರು. ನನ್ನನ್ನು ತೊಟ್ಟಿಲಲ್ಲಿ ಕಂಡವರು ಅವರು. ದೇವಾಲಯದ ಬಾಗಿಲಲ್ಲಿ ನಿಂತು ವಾದಿಸಲು ಮನಸ್ಸಾಗಲಿಲ್ಲ. ಆದರೆ ಆ ಪ್ರಶ್ನೆ ವಾರವಿಡೀ ಬೆನ್ನುಬಿಡಲಿಲ್ಲ.

ನಾವು ಮೆಥಡಿಸ್ಟರು, ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಥದವರು. ನಮ್ಮ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಕಲ್ಲಿದ್ದಲು ಗಣಿ ಕಾರ್ಮಿಕರಿಗೆ ಬಯಲಿನಲ್ಲೇ ನಿಂತು ಸುವಾರ್ತೆ ಸಾರಿದವರು. ಬ್ರಿಸ್ಟಲ್ ಎಂದರೆ ಗುಲಾಮರ ವ್ಯಾಪಾರದಿಂದಲೇ ಕೊಬ್ಬಿದ ಬಂದರು. 1774ರಲ್ಲಿ ಅವರು ಗುಲಾಮಗಿರಿಯ ವಿರುದ್ಧ ಒಂದು ಪುಸ್ತಿಕೆ ಬರೆದರು. 1791ರ ಫೆಬ್ರವರಿ 24ರಂದು, ಪ್ರಾಣ ಬಿಡುವುದಕ್ಕೆ ಆರು ದಿನ ಮೊದಲು, ಆ ಎಂಬತ್ತೇಳರ ವೃದ್ಧ ಕಾಗದ ಬರೆದದ್ದು ಯಾವ ಧರ್ಮಾಧ್ಯಕ್ಷರಿಗೂ ಅಲ್ಲ. ಸಂಸತ್ತಿನಲ್ಲಿ ಗುಲಾಮರ ವ್ಯಾಪಾರ ನಿಷೇಧಿಸಲು ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್‌ಗೆ. ಹೋರಾಟ ಕೈಬಿಡಬೇಡಿ, ಅಮೆರಿಕದ ಗುಲಾಮಗಿರಿಯೂ ಅಳಿಯುವವರೆಗೆ ನಡೆಯಿರಿ ಎಂಬುದು ಆ ಪತ್ರದ ಸಾರ. ಮರಣಶಯ್ಯೆಯ ಅಂಚಿನಲ್ಲಿ ವೆಸ್ಲಿಗೆ ಆತ್ಮವೂ ಕಾನೂನೂ ಬೇರೆ ಬೇರೆಯಾಗಿ ಕಾಣಲಿಲ್ಲ. ಆದ್ದರಿಂದ ಸಭೆ ಸಾರ್ವಜನಿಕ ವಿಷಯಗಳಲ್ಲಿ ಮಾತನಾಡಬೇಕೋ ಬೇಡವೋ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲೇ ಉತ್ತರವಿದೆ.

ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ. ಸಭೆ ಮಾತನಾಡಿದಾಗ ಅದನ್ನು ಯಾರು, ಯಾಕೆ ಕೇಳಬೇಕು?

ಅಮೆರಿಕದ ಮೆಥಡಿಸ್ಟ್ ಸಭೆಯ ಚರಿತ್ರೆಯನ್ನು ಓದಿದಷ್ಟೂ ಈ ಪ್ರಶ್ನೆ ಮೊನಚಾಗುತ್ತದೆ. 1784ರ ಕ್ರಿಸ್‌ಮಸ್ ಹೊತ್ತಿಗೆ ಬಾಲ್ಟಿಮೋರ್‌ನಲ್ಲಿ ಸೇರಿದ ಬೋಧಕರು ಆ ಸಭೆಯನ್ನು ಕಟ್ಟಿದರು. ಗುಲಾಮರನ್ನು ಇಟ್ಟುಕೊಂಡ ಸದಸ್ಯರು ಹನ್ನೆರಡು ತಿಂಗಳೊಳಗೆ ಅವರ ಬಿಡುಗಡೆಯ ಪತ್ರ ಬರೆದುಕೊಡಬೇಕೆಂದು ಅಲ್ಲಿಯೇ ನಿಯಮ ಮಾಡಿದರು. ಎಂಥ ಗಟ್ಟಿ ಆರಂಭ! ಆದರೆ ತೋಟಗಳ ಒಡೆಯರು ತಿರುಗಿಬಿದ್ದರು, ಮರುವರ್ಷವೇ ಆ ನಿಯಮವನ್ನು ಅಮಾನತಿನಲ್ಲಿಟ್ಟರು. ಅಂದು ಬಾಗಿದ ಬೆನ್ನು ನೆಟ್ಟಗಾಗಲು ಬಹಳ ಕಾಲ ಹಿಡಿಯಿತು. 1844ರಲ್ಲಿ ಜೇಮ್ಸ್ ಆಂಡ್ರೂ ಎಂಬ ಬಿಷಪ್ಪರ ಮನೆಯಲ್ಲೇ ಗುಲಾಮರಿದ್ದಾರೆಂಬ ಕಾರಣಕ್ಕೆ ಸಭೆ ಉತ್ತರ, ದಕ್ಷಿಣವೆಂದು ಸೀಳಿತು. ದೇಶ ಅಂತರ್ಯುದ್ಧಕ್ಕಿಳಿಯುವುದಕ್ಕೆ ಹದಿನೇಳು ವರ್ಷ ಮೊದಲೇ ಪ್ರಭುಭೋಜನದ ಮೇಜು ಎರಡಾಗಿತ್ತು.

ಇದೇ ಪರಂಪರೆಯಲ್ಲಿ ನಾನು ಹೆಮ್ಮೆಪಡುವ ಪುಟಗಳೂ ಇವೆ. 1908ರಲ್ಲಿ ಉತ್ತರದ ಭಾಗವಾಗಿದ್ದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆ ‘ಸಾಮಾಜಿಕ ವಿಶ್ವಾಸಪ್ರಮಾಣ’ವೊಂದನ್ನು ಅಂಗೀಕರಿಸಿತು. ಬಾಲಕಾರ್ಮಿಕ ಪದ್ಧತಿ ತೊಲಗಬೇಕು, ದುಡಿಯುವವರಿಗೆ ಬದುಕಲು ಸಾಲುವಷ್ಟು ಕೂಲಿ ಸಿಗಬೇಕು, ಏಳು ದಿನಕ್ಕೊಂದು ದಿನ ವಿಶ್ರಾಂತಿ ಇರಬೇಕು, ಯಂತ್ರಗಳ ನಡುವೆ ಕೆಲಸ ಮಾಡುವವರ ಜೀವಕ್ಕೆ ರಕ್ಷಣೆ ಬೇಕು ಎಂದಿತು. ಬಾಲಕಾರ್ಮಿಕರ ದುಡಿಮೆಗೆ ಕಡಿವಾಣ ಹಾಕುವ ಫೆಡರಲ್ ಕಾನೂನು ಅಮೆರಿಕದಲ್ಲಿ ನೆಲೆನಿಂತದ್ದು 1938ರಲ್ಲಿ. ಮೂವತ್ತು ವರ್ಷ ಮುಂಚೆಯೇ ಸಭೆ ಅದನ್ನು ಕೇಳಿತ್ತು. ಆದರೆ ಅದೇ ಪತ್ರದಲ್ಲಿ ಕಪ್ಪು ಜನರು ಅನುಭವಿಸುತ್ತಿದ್ದ ಬೇರ್ಪಡಿಸುವಿಕೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಾರ್ಖಾನೆಯ ಒಡೆಯನಿಗೆ ಬುದ್ಧಿ ಹೇಳುವುದು ಸಭೆಗೆ ಸುಲಭವಾಗಿತ್ತು. ತನ್ನದೇ ಬೆಂಚುಗಳ ಕಡೆ ತಿರುಗುವುದು ಕಷ್ಟವಾಗಿತ್ತು.

ಆ ಕಷ್ಟ 1939ರಲ್ಲಿ ಲಿಖಿತ ನಿಯಮವೇ ಆಯಿತು. ಸೀಳಿದ್ದ ಸಭೆಗಳು ಮತ್ತೆ ಒಂದಾದವು, ಆದರೆ ಯಾರ ಬೆಲೆಯಲ್ಲಿ? ಉಳಿದ ಆಡಳಿತ ವಿಭಾಗಗಳಿಗೆಲ್ಲ ಭೂಗೋಳದ ಗಡಿ; ಕಪ್ಪು ಸಭೆಗಳನ್ನು ಮಾತ್ರ ಅವು ಎಲ್ಲಿದ್ದರೂ ಒಟ್ಟುಗೂಡಿಸಿ ‘ಸೆಂಟ್ರಲ್ ಜ್ಯೂರಿಸ್‌ಡಿಕ್ಷನ್’ ಎಂಬ ಪ್ರತ್ಯೇಕ ವಿಭಾಗದಲ್ಲಿಟ್ಟರು. ಕಪ್ಪು ಪ್ರತಿನಿಧಿಗಳಲ್ಲಿ ಬಹುಪಾಲು ಮಂದಿ ಇದಕ್ಕೆ ವಿರುದ್ಧವಾಗಿ ಮತ ಹಾಕಿದ್ದರು. ಒಗ್ಗಟ್ಟಿನ ಹೆಸರಿನಲ್ಲಿ ನಡೆದ ಈ ಅನ್ಯಾಯವನ್ನು ಓದುವಾಗ ಇಂದಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಇಲ್ಲಿ ಒಬ್ಬರ ಕಥೆ ಹೇಳದೆ ಮುಂದೆ ಹೋಗಲಾರೆ. ಜೇಮ್ಸ್ ಲಾಸನ್. ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯ ಸೇರಲೊಪ್ಪದೆ ಜೈಲಿಗೆ ಹೋದ ಕಪ್ಪು ಮೆಥಡಿಸ್ಟ್ ಯುವಕ. ಬಿಡುಗಡೆಯಾದ ಮೇಲೆ ಮಿಷನರಿಯಾಗಿ ನಮ್ಮ ದೇಶಕ್ಕೆ ಬಂದು, ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿದರು. ಕಲಿಸಲು ಬಂದವರು ಕಲಿತು ಹೋದರು ಎಂಬುದೇ ನನಗೆ ಅವರ ಮೇಲೆ ಅಷ್ಟು ಗೌರವ ಹುಟ್ಟಿಸಿದ ಸಂಗತಿ. ನ್ಯಾಶ್ವಿಲ್‌ಗೆ ಹೋಗಿ, ಒಂದು ಮೆಥಡಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಏಟು ತಿಂದರೂ ಕೈಯೆತ್ತದಿರುವುದು ಹೇಗೆಂದು ತಾಲೀಮು ಕೊಟ್ಟರು. 1960ರಲ್ಲಿ ಆ ಹುಡುಗ ಹುಡುಗಿಯರು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕೌಂಟರುಗಳಲ್ಲಿ ಹೋಗಿ ಕೂತರು. ಲಾಸನ್ ಓದುತ್ತಿದ್ದ ವಿಶ್ವವಿದ್ಯಾಲಯ ಅವರನ್ನು ಹೊರಹಾಕಿತು.

ಎಂಟು ವರ್ಷದ ನಂತರ ಅವರು ಮೆಂಫಿಸ್‌ನಲ್ಲಿ ಸಭಾಪಾಲಕರಾಗಿದ್ದರು. 1968ರ ಫೆಬ್ರವರಿ 1ರಂದು ಮಳೆಯಿಂದ ಆಶ್ರಯ ಪಡೆಯಲು ಕಸದ ಲಾರಿಯೊಳಗೆ ನಿಂತಿದ್ದ ಇಬ್ಬರು ಪೌರಕಾರ್ಮಿಕರು ಅದರ ಯಂತ್ರಕ್ಕೆ ಸಿಕ್ಕಿ ನಜ್ಜುಗುಜ್ಜಾದರು. ಹನ್ನೊಂದು ದಿನ ಕಳೆದು ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ಅವರು ಎತ್ತಿ ಹಿಡಿದ ಫಲಕದಲ್ಲಿ ಇದ್ದದ್ದು ‘ನಾನು ಮನುಷ್ಯ’ ಎಂಬ ಮಾತು, ಅಷ್ಟೇ. ಮುಷ್ಕರದ ಬೆನ್ನಿಗೆ ನಿಂತ ಲಾಸನ್ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಕರೆಸಿದರು. ಏಪ್ರಿಲ್ 4ರಂದು ಕಿಂಗ್ ಅಲ್ಲಿಯೇ ಗುಂಡೇಟಿಗೆ ಬಲಿಯಾದರು. ಏಪ್ರಿಲ್ 16ರಂದು ನಗರಾಡಳಿತ ಕಾರ್ಮಿಕರ ಸಂಘವನ್ನು ಮಾನ್ಯ ಮಾಡಿ ಕೂಲಿ ಹೆಚ್ಚಿಸಲು ಒಪ್ಪಿತು. ಏಪ್ರಿಲ್ 23ರಂದು ಡಲ್ಲಾಸ್‌ನಲ್ಲಿ ಯುನೈಟೆಡ್ ಮೆಥಡಿಸ್ಟ್ ಚರ್ಚ್ ಹುಟ್ಟಿತು, ಸೆಂಟ್ರಲ್ ಜ್ಯೂರಿಸ್‌ಡಿಕ್ಷನ್ ಅದರ ರಚನೆಯಲ್ಲಿ ಉಳಿಯಲಿಲ್ಲ. ಒಂದೇ ತಿಂಗಳು. ಒಂದು ನಗರಸಭೆಯೂ ಒಂದು ಸಭೆಯೂ ತಡವಾಗಿ, ರಕ್ತ ಹರಿದ ಮೇಲೆ ಬಾಗಿದವು. ನಗರಸಭೆಗೆ ಬುದ್ಧಿ ಹೇಳುವ ಮುಖ ಸಭೆಗೆ ಆ ತಿಂಗಳವರೆಗೂ ಪೂರ್ತಿಯಾಗಿ ಇರಲಿಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಸಭೆ ಸರ್ಕಾರದ ಹತ್ತಿರ ಹೋಗುವುದರಲ್ಲಿ ಅಪಾಯವಿದೆ ಎಂಬುದನ್ನೂ ಅಲ್ಲಗಳೆಯುವುದಿಲ್ಲ. ವಾಷಿಂಗ್ಟನ್‌ನಲ್ಲಿ ಸಂಸತ್ ಭವನದ ಎದುರಿಗೇ 1923ರಲ್ಲಿ ಕಟ್ಟಿದ ಮೆಥಡಿಸ್ಟ್ ಭವನವಿದೆ. ಪಕ್ಕದ ಸುಪ್ರೀಂ ಕೋರ್ಟ್ ಕಟ್ಟಡಕ್ಕಿಂತ ಹಳೆಯದು. ಅದನ್ನು ಕಟ್ಟಿಸಿದ್ದು ಪಾನನಿಷೇಧಕ್ಕಾಗಿ ದುಡಿಯುತ್ತಿದ್ದ ಮಂಡಳಿ. ಕುಡಿತದಿಂದ ಹಾಳಾದ ಮನೆಗಳ ಕಣ್ಣೀರು ನಿಜವೇ. ಆದರೆ 1920ರಲ್ಲಿ ಜಾರಿಗೆ ಬಂದ ನಿಷೇಧ 1933ರಲ್ಲಿ ಮುರಿದುಬಿತ್ತು. ನೆರೆಯವರ ಪ್ರೀತಿ ಮಾಡಬೇಕಾದ ಕೆಲಸವನ್ನು ಪೊಲೀಸರ ಕೈಗೆ ಒಪ್ಪಿಸಿದ್ದು ತಪ್ಪೆಂದೇ ನನ್ನ ಅಭಿಪ್ರಾಯ. ಇನ್ನು ಇಂಥ ಅಭ್ಯರ್ಥಿಗೆ ಮತ ಹಾಕಿ ಎಂದು ಪ್ರಸಂಗಪೀಠದಿಂದ ಹೇಳುವುದನ್ನು ನಾನು ಎಂದಿಗೂ ಒಪ್ಪಲಾರೆ. ಪಕ್ಷದ ಬಾವುಟ ಹಿಡಿದ ಸಭೆ ಆ ಪಕ್ಷದ ತಪ್ಪಿಗೆ ಬಾಯಿ ಮುಚ್ಚಿಕೊಳ್ಳಲೇಬೇಕಾಗುತ್ತದೆ.

ಹಾಗಾದರೆ ತೂಕದ ಮಾತು ಯಾವುದು? 1864ರ ನವೆಂಬರ್ 29ರಂದು ಕೊಲೊರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ಶಾಯೆನ್ ಮತ್ತು ಅರಾಪಾಹೊ ಮೂಲನಿವಾಸಿಗಳ ಬೀಡಿನ ಮೇಲೆ ಸೈನಿಕರನ್ನು ನುಗ್ಗಿಸಿದ ಜಾನ್ ಚಿವಿಂಗ್ಟನ್ ಮೆಥಡಿಸ್ಟ್ ಬೋಧಕನಾಗಿದ್ದವನು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಸಭೆ ತನ್ನ ಪಾಲಿನ ಪಾಪಕ್ಕೆ ಪಶ್ಚಾತ್ತಾಪದ ಅರಿಕೆ ಮಾಡಿತು. ಅರಿಕೆ ಬೇಕಾದದ್ದೇ. ಆದರೆ ನನ್ನ ಮನಸ್ಸಿಗೆ ನಾಟಿದ್ದು 2019ರ ಸಂಗತಿ: ಒಹಾಯೊದಲ್ಲಿ ವಯಂಡಾಟ್ ಬುಡಕಟ್ಟಿನವರು ಹೊರದಬ್ಬಲ್ಪಟ್ಟಾಗ ಸಭೆಗೆ ಒಪ್ಪಿಸಿಹೋಗಿದ್ದ ಮಿಷನ್ ಜಮೀನನ್ನು ಸಭೆ ಅವರಿಗೇ ಹಿಂದಿರುಗಿಸಿತು. ಬುಡಕಟ್ಟು ಜನರ ಭೂಮಿಯ ಬಗ್ಗೆ ನೂರು ನಿರ್ಣಯಗಳು ಮಾಡಲಾಗದ್ದನ್ನು ಆ ಒಂದು ಹಕ್ಕುಪತ್ರ ಮಾಡಿತು.

ಸಲಿಂಗಿಗಳ ವಿಷಯದಲ್ಲೂ ಇದೇ ಅಳತೆಗೋಲು. ಅವರ ನಾಗರಿಕ ಹಕ್ಕುಗಳನ್ನು ರಕ್ಷಿಸಬೇಕೆಂದು 1972ರಲ್ಲಿ ಸರ್ಕಾರಕ್ಕೆ ಹೇಳಿದ ಸಭೆಯ ಪತ್ರವೇ ಅವರ ಬದುಕು ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂದೂ ಹೇಳಿತು. ಆ ಸಾಲನ್ನು 2024ರಲ್ಲಿ ತೆಗೆದರು. ಅಷ್ಟರಲ್ಲಿ ಅಮೆರಿಕದ ಸ್ಥಳೀಯ ಸಭೆಗಳಲ್ಲಿ ಸುಮಾರು ಕಾಲುಭಾಗ ಹೊರಟುಹೋಗಿದ್ದವು. ಇದನ್ನು ಓದುತ್ತಿರುವ ಹಲವರು ನನ್ನೊಂದಿಗೆ ಒಪ್ಪುವುದಿಲ್ಲವೆಂದು ಬಲ್ಲೆ. ಆದರೂ ಹೇಳುತ್ತೇನೆ, ತೆಗೆದದ್ದು ಸರಿ.

ಹಿರಿಯರಿಗೆ ಈ ಭಾನುವಾರ ಇಷ್ಟನ್ನೂ ಹೇಳಬೇಕೆಂದಿದ್ದೇನೆ. ಅದಕ್ಕೂ ಮುಂಚೆ ನನ್ನ ಪಾಲಿನದೊಂದು ಬಾಕಿಯಿದೆ. ನಮ್ಮ ದೇವಾಲಯವನ್ನು ಗುಡಿಸಿ ಒರೆಸುವ ಅಕ್ಕನಿಗೆ ತಿಂಗಳಿಗೆ ಎಷ್ಟು ಕೊಡುತ್ತೇವೆ ಎಂದು, ನಾಲ್ಕು ವರ್ಷದಿಂದ ಸಭೆಯ ಸಮಿತಿಯಲ್ಲಿದ್ದರೂ ನಾನು ಒಮ್ಮೆಯೂ ಕೇಳಿಲ್ಲ. ನಿನ್ನೆ ಕಾರ್ಯದರ್ಶಿಯವರಿಗೆ ಪತ್ರ ಬರೆದು, ಶನಿವಾರದ ಸಮಿತಿ ಸಭೆಯಲ್ಲಿ ಅದನ್ನೇ ಮೊದಲನೆಯ ವಿಷಯವಾಗಿ ತೆಗೆದುಕೊಳ್ಳಬೇಕೆಂದು ಕೇಳಿದ್ದೇನೆ.