ಮನಿಮದ್ದಿಗೂ ಅಳತಿ ಐತ್ರಿ

ನಿನ್ನೆ ಸಂಜಿಮುಂದ ಹುಬ್ಬಳ್ಳಿ ದುರ್ಗದಬೈಲಿನ ಒಂದು ಕಿರಾಣಿ ಅಂಗಡಿ. ಬಗಲಾಗ ಏಳೆಂಟು ತಿಂಗಳ ಕೂಸು ಎತ್ಕೊಂಡು ಒಬ್ಬಾಕಿ ಹುಡುಗಿ ವಾಟ್ಸಾಪಿನ್ಯಾಗ ಬಂದ ನೆಗಡಿ ಕಷಾಯದ ಬರಹ ನೋಡ್ಕೋತ ಸಾಮಾನು ಹೇಳಾಕತ್ತಿದ್ಲು. ಸುಂಠಿ, ಕರಿಮೆಣಸು, ಲವಂಗ, ಚಕ್ಕಿ, ಜೇಷ್ಠಮಧು, ಅಜವಾನ, ಜೇನುತುಪ್ಪ, ಕಡೀಕ ಕರ್ಪೂರ. ಕೂಸಿನ ಮೂಗು ಕಟ್ಟಿ ಗೊರಗೊರ ಅನ್ನಾಕತ್ತಿತ್ತು. "ಎಷ್ಟೆಷ್ಟು ಕಟ್ಟಲೆವಾ?" ಅಂದ್ರು ಅಂಗಡಿಯವರು. "ಎಲ್ಲಾ ಒಂದೊಂದು ಹಿಡಿ ಅಂತ ಬರದೈತ್ರಿ ಕಾಕಾ, ನೀವ ನೋಡಿ ಕೊಡ್ರಿ" ಅಂದ್ಲು. ಕರ್ಪೂರ ಯಾಕವಾ ಅಂತ ಕೇಳಿದ್ರ, ಕುದಿಯೋ ನೀರಿಗೆ ಹಾಕಿ ಕೂಸಿಗೆ ಉಗಿ ಹಿಡಿಯಾಕಂತ. ಉಳಿದ ಕರ್ಪೂರ ಅರಿವ್ಯಾಗ ಕಟ್ಟಿ ಕೊಳ್ಳಾಗ ಹಾಕಾಕಂತ.

ಒಂದೊಂದು ಹಿಡಿ! ಆ ಮಾತು ಕೇಳಿದಾಗಿಂದ ನನಗ ಸಮಾಧಾನ ಇಲ್ಲ. ಅಕೀ ಮ್ಯಾಲೆ ಸಿಟ್ಟಿಲ್ಲ, ಕೂಸಿನ ಮೂಗು ಕಟ್ಟಿದ್ರ ಯಾವ ತಾಯಿಗೂ ಜೀವ ತಡಿಯಂಗಿಲ್ಲ. ಸಿಟ್ಟು ಬರೋದು ಅಳತಿ ಹೇಳದ, ವಯಸ್ಸು ಕೇಳದ ಆ ವಾಟ್ಸಾಪ್ ಬರಹದ ಮ್ಯಾಲೆ. 2025ರ ಅಕ್ಟೋಬರ್ ಸುಮಾರಿಗೆ ಮಧ್ಯಪ್ರದೇಶದಾಗ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ತೀರಿಕೊಂಡ್ರಲ್ಲ, ಅದರಾಗ ಡೈಎಥಿಲೀನ್ ಗ್ಲೈಕಾಲ್ ಅನ್ನೋ ವಿಷ ಸೇರಿತ್ತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಸಿರಪ್ ಕೊಡಲೇಬ್ಯಾಡ್ರಿ ಅಂತ ಕೇಂದ್ರದವರೂ ಹೇಳಿದ್ರು. ಛಲೋ ಮಾತು. ಆದ್ರ ಸಿರಪ್ ಬಿಟ್ಟು ಮನಿಮದ್ದಿಗೆ ಹೊಳ್ಳಿದ ಜನ ಆ ಸಿರಪ್ಪಿನ ಮುಚ್ಚಳದ ಅಳತಿನೂ ಅಲ್ಲೇ ಬಿಟ್ಟು ಬಂದಾರ. ಮನೀದು ಅಂದಮ್ಯಾಲೆ ಎಷ್ಟು ಹಾಕಿದ್ರೇನು ಅನ್ನೋ ಧೈರ್ಯ ಐತಲ್ಲ, ಅದ ದೊಡ್ಡ ರೋಗ.

ಕಷಾಯದಿಂದ ಸುರು ಮಾಡ್ತೀನಿ. ಆಯುರ್ವೇದದಾಗ ಕಷಾಯಕ್ಕ ಲೆಕ್ಕ ಐತಿ: ಒಂದು ಪಾಲು ಔಷಧಕ್ಕ 16 ಪಾಲು ನೀರು, ಸಣ್ಣ ಉರಿ, ಎಂಟನೇ ಒಂದು ಪಾಲಿಗೆ ಇಳಿಯೋತನಕ. ಕೊರೊನಾ ಬಂದ 2020ರಾಗ ಆಯುಷ್ ಸಚಿವಾಲಯ ಹೇಳಿದ ಕ್ವಾಥ, ಅಂದ್ರ ಕಷಾಯಕ್ಕೂ ಲೆಕ್ಕ ಇತ್ತು: ತುಳಸಿ 4 ಪಾಲು, ಚಕ್ಕಿ 2, ಸುಂಠಿ 2, ಕರಿಮೆಣಸು 1. ಒಬ್ಬರಿಗೆ ಒಂದು ಸಲಕ್ಕ 3 ಗ್ರಾಂ ಪುಡಿ, 150 ಎಂ.ಎಲ್. ಕುದ್ದ ನೀರು. ಲೆಕ್ಕಾ ಹಾಕ್ರಿ, ಅದರಾಗ ಮೆಣಸು ಬರೋದು ಗ್ರಾಮಿನ ಮೂರನೇ ಒಂದು ಭಾಗ. ಅಂದ್ರ ಏಳೆಂಟು ಕಾಳು. ಒಂದು ಹಿಡಿಯಾಗ ನೂರಾರು ಕಾಳು ಇರ್ತಾವ್ರಿ! ಎದಿ ಉರಿ, ಹುಳಿತೇಗು, ಹೊಟ್ಟಿ ಸಂಕಟ ಬಂದಮ್ಯಾಲೆ "ಕಷಾಯ ಉಷ್ಣ ಆತು" ಅಂತೀರಿ. ಕಷಾಯದ್ದೇನೂ ತಪ್ಪಿಲ್ಲ, ಹಿಡಿ ತಪ್ಪು.

ದೊಡ್ಡವರೊಬ್ಬರಿಗೆ ಹಿಂಗ ಮಾಡ್ರಿ. 250 ಎಂ.ಎಲ್. ನೀರು ಬೋಗಾಣಿಗೆ ಹಾಕ್ರಿ. ಒಂದು ಇಂಚು ಹಸಿ ಶುಂಠಿ ಜಜ್ಜಿ ಹಾಕ್ರಿ. ಒಣ ಸುಂಠಿ ಪುಡಿ ಆದ್ರ ಕಾಲು ಚಮಚಾ (ಎಲ್ಲಾ ಕಡೆ ಚಹಾ ಚಮಚಾದ ಲೆಕ್ಕ) ಸಾಕು, ಎರಡೂ ಕೂಡಿ ಬ್ಯಾಡ. ಮೆಣಸು ಐದಾರು ಕಾಳು ಒಡದು, ಹವೀಜ (ಕೊತ್ತಂಬರಿ ಕಾಳು) ಒಂದು ಚಮಚಾ, ಜೀರಗಿ ಅರ್ಧ ಚಮಚಾ. ಸಣ್ಣ ಉರಿಯಾಗ ಎಂಟ್ಹತ್ತು ನಿಮಿಷ ಕುದ್ದು 150ಕ್ಕ ಇಳೀಬೇಕು. ಇಲ್ಲೊಂದು ತಪ್ಪು ಎಲ್ಲಾ ಮನ್ಯಾಗೂ ಆಗ್ತೈತಿ: ತುಳಸಿ, ಅಜವಾನದ ಎಲಿ ಮೊದಲ ಹಾಕಿ ಅರ್ಧ ತಾಸು ಕುದಿಸೋದು. ಎಲಿಯಾಗಿನ ಗುಣ ಇರೋದು ಅದರ ವಾಸನಿ ಎಣ್ಣ್ಯಾಗ. ಅಡಗಿಮನಿ ತುಂಬ ಘಮ ಅಂತು ಅಂದ್ರ ಎಣ್ಣಿ ಹಾರಿ ಹೋತು, ಬೋಗಾಣ್ಯಾಗ ಬರೇ ಕಹಿ ಉಳೀತು. ಬೇರು, ಕಾಳು, ತೊಗಟಿ ಕುದಿಬೇಕು, ಎಲಿ ಕುದಿಬಾರದು. ಉರಿ ಆರಿಸಿದಮ್ಯಾಲೆ ತುಳಸಿ ಐದಾರು ಎಲಿ ಇಲ್ಲಾ ಅಜವಾನದ ಎಲಿ ಒಂದೆರಡು ಹರದು ಹಾಕಿ, ತಾಟು ಮುಚ್ಚಿ ಐದು ನಿಮಿಷ ಬಿಡ್ರಿ. ಸೋಸ್ರಿ, ಬೆಲ್ಲಾ ಆಮ್ಯಾಲೆ. ದಿನಕ್ಕ ಎರಡು ಸಲ, ಏನರ ತಿಂದಮ್ಯಾಲೆ, ನಾಕೈದು ದಿನ.

ಹಾಲು ಹಾಕಿ ಕುಡಿಯೋರು "ಹಾಲು ಒಡೀತೈತಿ" ಅಂತಾರ. ಹಸಿ ಶುಂಠ್ಯಾಗ ಹಾಲು ಒಡಿಸೋ ಕಿಣ್ವ ಐತಿ, ಕುದ್ರ ಅದು ಸಾಯ್ತೈತಿ. ಅದಕ್ಕ ಶುಂಠಿ ಮೊದಲ ನೀರಾಗ ಛಂದಾಗಿ ಕುದೀಬೇಕು, ಆಮ್ಯಾಲೆ ಹಾಲು. ಬೆಲ್ಲಾನೂ ಹಂಗ, ಕುದಿಯೋ ಹಾಲಿಗೆ ಹಾಕಬ್ಯಾಡ್ರಿ, ಇಳಿಸಿದಮ್ಯಾಲೆ ಹಾಕ್ರಿ.

ಜೇಷ್ಠಮಧು ಗಂಟಲಿಗೆ ತಂಪು ಖರೆ. ಒಂದು ಸಣ್ಣ ತುಂಡು ಬಾಯಾಗ ಇಟ್ಕೊಂಡ್ರ ಒಣ ಕೆಮ್ಮು ತಡೀತೈತಿ. ಆದ್ರ ಬಿ.ಪಿ. ಗುಳಿಗಿ ತಗೊಳ್ಳೋರು ಅದನ್ನ ದಿನಾ ಕಷಾಯಕ್ಕ ಹಾಕಬಾರದು. ಅದರಾಗಿನ ಗ್ಲಿಸಿರೈಝಿನ್ ಮೈಯಾಗ ಉಪ್ಪು-ನೀರು ನಿಲ್ಲಿಸ್ತೈತಿ, ಪೊಟ್ಯಾಸಿಯಂ ಇಳಿಸ್ತೈತಿ, ಬಿ.ಪಿ. ಏರ್ತೈತಿ. ಬಿ.ಪಿ. ಇರೋ ವಯಸ್ಸಾದವರಿಗೇ ಇದನ್ನ ಜಾಸ್ತಿ ಕುಡಿಸ್ತಾರಲ್ಲ ಅನ್ನೋದ ನನ್ನ ಸಂಕಟ.

"ನಮ್ಮ ಅಜ್ಜಿಗೋಳು ಚಮಚಾ ಹಿಡಕೊಂಡು ಅಳೀತಿದ್ರೇನು?" ಅಂತ ಯಾರರ ಕೇಳೇ ಕೇಳ್ತೀರಿ. ಅಳೀತಿದ್ರು! ಸಾಣಿಕಲ್ಲಿನ ಮ್ಯಾಲೆ ಜಾಜಿಕಾಯಿ ಎರಡು ಸುತ್ತು, ಅಳಲೆಕಾಯಿ ನಾಕು ಸುತ್ತು ಅಂತ ಎಣಿಸಿ ತೇಯ್ತಿದ್ದ ಕೈ ಅವು. ಕಡ್ಲಿ ಕಾಳಿನಷ್ಟು, ಗೋದಿ ಕಾಳಿನಷ್ಟು, ಬೆರಳ ತುದಿಯಾಗ ಹತ್ತಿದಷ್ಟು ಅನ್ನೋದು ಅಳತಿ ಅಲ್ಲದ ಮತ್ತೇನು? ಚಮಚಾ ಇರಲಿಲ್ಲ, ಲೆಕ್ಕ ಇತ್ತು. ಹಂಗಂತ ಅವರು ಮಾಡಿದ್ದೆಲ್ಲಾ ಸರಿ ಅಂತಾನೂ ನಾ ಅನ್ನಂಗಿಲ್ಲ. ನೀರು ಹಾಕಿದಮ್ಯಾಲೆ ಕೂಸಿನ ಮೂಗಿಗೆ ಎಣ್ಣಿ ಬಿಡೋದು, ಲೋಬಾನದ ಹೊಗಿ ಮುಖಕ್ಕ ಹಿಡಿಯೋದು, ಬಜಿ ಬೇರು ತೇಯ್ದು ನೆಕ್ಕಿಸೋದು ಮೂರನ್ನೂ ಬಿಡಬೇಕು. ಮೂಗಿಗೆ ಬಿಟ್ಟ ಎಣ್ಣಿ ಶ್ವಾಸಕೋಶಕ್ಕ ಇಳಿದ್ರ ಹೊರಗ ಬರೋದು ಕಷ್ಟ, ಅದರಿಂದನ ಒಂದು ನಮೂನಿ ನ್ಯುಮೋನಿಯಾ ಆಗ್ತೈತಿ. ಹೊಗಿ ಆ ಸಣ್ಣ ಶ್ವಾಸನಾಳಾನ ಇನ್ನಷ್ಟು ಬಾಯಿಸ್ತೈತಿ. ಬಜಿಯಿಂದ ಕೂಸು ವಾಂತಿ ಮಾಡ್ಕೋತೈತಿ, ಅದನ್ನ "ಕಫ ಬಿತ್ತು" ಅಂತ ಖುಷಿ ಪಡ್ತಾರ.

ಈಗ ಆ ಕೂಸಿನ ಮಾತು. ಒಂದು ವರ್ಷ ತುಂಬೋತನಕ ಜೇನುತುಪ್ಪ ನಾಲಿಗಿಗೆ ಹಚ್ಚೋದೂ ಬ್ಯಾಡ. ಜೇನಿನ್ಯಾಗ ಬೊಟುಲಿಸಂ ಅನ್ನೋ ರೋಗ ತರೋ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಕರುಳಿನಾಗ ಅವು ಬೆಳಿಯಂಗಿಲ್ಲ, ಎಳೆ ಕೂಸಿನ ಕರುಳಿನಾಗ ಬೆಳದು ವಿಷ ಬಿಡ್ತಾವ. ಮೊದಲ ಮಲಬದ್ಧತೆ, ಆಮ್ಯಾಲೆ ಹಾಲು ಎಳಿಯೋ ಶಕ್ತಿ ಕಡಿಮಿ, ಅಳು ಮೆತ್ತಗ, ಕುತ್ತಿಗಿ ಜೋಲು. ಶುದ್ಧ ಕಾಡುಜೇನು ಆದ್ರೂ ಅಷ್ಟ, ಕಾಸಿ ಕೊಟ್ರೂ ಅಷ್ಟ. ಮನಿ ಒಲಿಯ ಕಾವಿಗೆ ಆ ಬೀಜಕಣ ಸಾಯಂಗಿಲ್ಲ. ವರ್ಷ ದಾಟಿದ ಮಕ್ಕಳಿಗೆ ಇದ ಜೇನು ರಾತ್ರಿ ಕೆಮ್ಮಿಗೆ ಛಲೋ ಮದ್ದು: ಐದು ವರ್ಷದತನಕ ಅರ್ಧ ಚಮಚಾ, ಆರರಿಂದ ಹನ್ನೊಂದಕ್ಕ ಒಂದು ಚಮಚಾ, ಮುಂದಿನವರಿಗೆ ಎರಡು, ಮಲಗೋಕಿಂತ ಅರ್ಧ ತಾಸು ಮೊದಲ.

ಕರ್ಪೂರ ಅಂತೂ ಕೂಸಿರೋ ಮನ್ಯಾಗ ದೇವರ ಗೂಡಿನಾಗೂ ಕೈಗೆ ಸಿಗದಂಗ ಇಡ್ರಿ. ಒಂದು ಗ್ರಾಂ ಹೊಟ್ಟಿಗೆ ಹೋದ್ರೂ ಸಣ್ಣ ಮಕ್ಕಳ ಜೀವಕ್ಕ ಅಪಾಯ, ಕೆಲವ ನಿಮಿಷದಾಗ ಫಿಟ್ಸ್ ಬರ್ತೈತಿ. ಕೊಳ್ಳಾಗಿನ ಗಂಟು ಕೂಸು ಬಾಯಿಗೆ ಹಾಕದ ಬಿಡ್ತೈತೇನು? ನುಂಗಿದ್ರ ವಾಂತಿ ಮಾಡಿಸಾಕ ಹೋಗಬ್ಯಾಡ್ರಿ, 108ಕ್ಕ ಫೋನ್ ಹಚ್ಚಿ ಸೀದಾ ದವಾಖಾನಿಗೆ ಓಡ್ರಿ. ನೀಲಗಿರಿ ಎಣ್ಣಿನೂ ಇದ ಸಾಲಿನ್ಯಾಗ ಬರ್ತೈತಿ.

ಹಂಗಾರ ಮೂಗು ಕಟ್ಟಿದ ಕೂಸಿಗೆ ಏನು ಮಾಡೋದು? ಔಷಧದಂಗಡ್ಯಾಗ ಸಾದಾ ಸಲೈನ್ ಮೂಗಿನ ಹನಿ ಸಿಗ್ತೈತಿ, ಬರೇ ಉಪ್ಪು ನೀರು ಅದು. ಹಾಲು ಕುಡಿಸೋಕಿಂತ ಮೊದಲ ಎರಡೂ ಹೊಳ್ಳಿಗೆ ಎರಡೆರಡು ಹನಿ. ಎರಡು ನಿಮಿಷ ಬಿಟ್ಟು ಮೆತ್ತನ್ನ ಅರಿವಿಯಿಂದ ಹೊರಗ ಬಂದಷ್ಟು ಒರಸ್ರಿ. ಎದಿ ಹಾಲು ಸ್ವಲ್ಪ ಸ್ವಲ್ಪ, ಘಳಿಗಿಗೊಮ್ಮೆ. ಬಾಮು ಎರಡು ವರ್ಷದೊಳಗಿನವರಿಗೆ ಬ್ಯಾಡ, ಮೂಗಿನ ಹೊಳ್ಳಿಗೆ ಯಾರಿಗೂ ಬ್ಯಾಡ.

ದೊಡ್ಡವರು ಮೂಗು ತೊಳಕೊಳ್ಳೋದಾದ್ರ ನೀರು ಕುದಿಸಿ ಆರಿಸಿ, ಅರ್ಧ ಲೀಟರಿಗೆ ಮುಕ್ಕಾಲು ಚಮಚಾ ಉಪ್ಪು. ಕಡಿಮಿ ಆದ್ರೂ ಉರಿ, ಹೆಚ್ಚಾದ್ರೂ ಉರಿ. ನಳದ ನೀರು ಸೀದಾ ಮೂಗಿಗೆ ಬಿಡಲೇಬಾರದು, ಮಿದುಳಿಗೆ ಏರೋ ಅಮೀಬಾ ಇರಬಹುದು. ಗಂಟಲಿಗೆ ಒಂದು ಗ್ಲಾಸ್ ಬೆಚ್ಚನ್ನ ನೀರಿಗೆ ಅರ್ಧ ಚಮಚಾ ಉಪ್ಪು, ದಿನಕ್ಕ ಮೂರ್ನಾಕು ಸಲ ಮುಕ್ಕಳಿಸ್ರಿ.

ಉಗಿ ವಿಷಯಕ್ಕ ಬರ್ತೀನಿ, ಯಾಕಂದ್ರ ಸುಟ್ಟಗಾಯ ಆಗೋದು ಇಲ್ಲೇ. ಕುದಿಯೋ ಬೋಗಾಣಿ ಮುಂದ ಮಗುನ್ನ ಕುಂಡ್ರಿಸಿ ಮ್ಯಾಲೆ ಚಾದರ ಹೊಚ್ಚತಾರ. ಉಸಿರು ಕಟ್ಟಿದಂಗ ಆಗಿ ಮಗು ಕಾಲು ಝಾಡಿಸ್ತೈತಿ, ಬೋಗಾಣಿ ತೊಡಿ ಮ್ಯಾಲೆ. ನೀರಾಗ ಬಾಮು ಹಾಕಿದ್ರ ಎಣ್ಣಿ ಮ್ಯಾಲೆ ತೇಲಿ ಚರ್ಮಕ್ಕ ಅಂಟಿ ಸುಡ್ತೈತಿ. ಮಕ್ಕಳಿಗೆ ಬೋಗಾಣಿ ಉಗಿನ ಬ್ಯಾಡ. ಬಚ್ಚಲಮನ್ಯಾಗ ಬಿಸಿನೀರು ಬಿಟ್ಟು, ಬಾಗಿಲಾ ಹಾಕಿ, ನೀರಿನಿಂದ ದೂರ ತೊಡಿ ಮ್ಯಾಲೆ ಕುಂಡ್ರಿಸ್ಕೊಂಡು ಐದು ನಿಮಿಷ ಕುಂತ್ರ ಸಾಕು. ದೊಡ್ಡವರು ಉರಿ ಆರಿಸಿ ಎರಡ್ಮೂರು ನಿಮಿಷ ಬಿಟ್ಟು, ಮಾರಿ ಒಂದು ಅಡಿ ದೂರ ಇಟ್ಟು, ಕಣ್ಣು ಮುಚ್ಚಿ, ಐದರಿಂದ ಹತ್ತು ನಿಮಿಷ. ಸಾದಾ ನೀರು, ಅಷ್ಟ. ಪುದೀನಾ ಹೂ (ಮೆಂಥಾಲ್), ಕರ್ಪೂರ ಹಾಕಿದ್ರ ಮೂಗು ತಗದಂಗ ಅನಸ್ತೈತಿ, ಖರೇವಂದ್ರ ತಗದಿರಂಗಿಲ್ಲ. ತಂಪು ಅನ್ನಿಸೋ ನರ ಎಚ್ಚರ ಆಗಿರ್ತೈತಿ.

ಅರಿಷಿಣ ಹಾಲಿನ ಬಗ್ಗೆ ಒಂದ ಮಾತು. ಅರಿಷಿಣದ ಕರ್ಕ್ಯುಮಿನ್ ರಕ್ತಕ್ಕ ಸೇರೋದು ಭಾಳ ಕಡಿಮಿ. 20 ಮಿಲಿಗ್ರಾಂ ಪೈಪರಿನ್, ಅಂದ್ರ ಮೆಣಸಿನ ಖಾರದ ಸತ್ವ ಕೂಡಿದ್ರ ಅದು ಸುಮಾರು 20 ಪಟ್ಟು ಏರ್ತೈತಿ ಅಂತ 1998ರಾಗ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ ತೋರಿಸಿದ್ರು. ಆದ್ರ ಅವರು ಕೊಟ್ಟಿದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ನಮ್ಮ ಅರ್ಧ ಚಮಚಾ ಅರಿಷಿಣದಾಗ ಇರೋದು ಅದರ ಭಾಳ ಸಣ್ಣ ಪಾಲು ಅಷ್ಟ. ಒಂದು ಗ್ಲಾಸ್ ಹಾಲಿಗೆ ಅರ್ಧ ಚಮಚಾ ಅರಿಷಿಣ, ಚಿಟಿಕಿ ಕರಿಮೆಣಸಿನ ಪುಡಿ, ಮೂರ್ನಾಕು ನಿಮಿಷ ಕುದಿಸಿ ಕುಡೀರಿ. ಗಂಟಲಿಗೆ ಹಿತ, ನಿದ್ದಿಗೆ ಛಲೋ. ವೈರಸ್ ಸಾಯ್ತೈತಿ ಅನ್ನಬ್ಯಾಡ್ರಿ.

ಬಿಸಿ ಹುರಳಿ ಕಟ್ಟಿನ ಸಾರು, ಜ್ವಾಳದ ಅಂಬಲಿ, ಬೇಕಾದಷ್ಟು ಬೆಚ್ಚನ್ನ ನೀರು, ನಿದ್ದಿ. ನೆಗಡಿ ವಾರ-ಹತ್ತು ದಿನಕ್ಕ ತಾನ ಹೋಗ್ತೈತಿ, ಕೆಮ್ಮು ಎರಡ್ಮೂರು ವಾರ ಎಳೀಬಹುದು. ಸಿಂಬಳ ಹಸರು ಆತು ಅಂತ ಆಂಟಿಬಯಾಟಿಕ್ ಬೇಡಬ್ಯಾಡ್ರಿ, ನೆಗಡಿಯಾಗ ಬಣ್ಣ ತಿರುಗೋದು ಸಹಜ.

ಫ್ಲೂ ಬ್ಯಾರೆ. ಒಮ್ಮಿಂದೊಮ್ಮೆಲೆ ಜೋರು ಜ್ವರ, ಮೈಕೈ ಮುರಿದಂಗ ನೋವು, ಎದ್ದು ಕುಂಡ್ರಾಕ ಆಗದಷ್ಟು ಸುಸ್ತು. ಬಸುರಿಯರು, ವಯಸ್ಸಾದವರು, ಸಕ್ಕರಿ ರೋಗ ಅಥವಾ ದಮ್ಮು ಇರೋರು ಕಷಾಯ ಕುಡ್ಕೋತ ಮೂರು ದಿನ ಕಾಯಬಾರದು. ಫ್ಲೂ ವೈರಸ್ಸಿಗೆ ಕೊಡೋ ಒಸೆಲ್ಟಾಮಿವಿರ್ ಗುಳಿಗಿ, ರೋಗ ಸುರುವಾದ 48 ತಾಸಿನೊಳಗ ಬಿದ್ರ ಭಾಳ ಉಪಯೋಗ. ಬೇಕೋ ಬ್ಯಾಡೋ ಡಾಕ್ಟರ್ ನೋಡಿ ಹೇಳಬೇಕು. ಮಕ್ಕಳ ಜ್ವರಕ್ಕ ಆಸ್ಪಿರಿನ್ ಕೊಡಲೇಬಾರದು.

ಮಕ್ಕಳಿರೋ ಮನಿಯವರು ಇದೊಂದು ಅಳತಿ ಬರದು ಇಟ್ಕೊಳ್ರಿ. ನಿಮಿಷಕ್ಕ ಉಸಿರು ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೊಂದು ತಿಂಗಳಿನ ಕೂಸಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಮುಟ್ಟಿದ್ರ ಅಥವಾ ದಾಟಿದ್ರ, ಇಲ್ಲಾ ಉಸಿರೆಳದಾಗ ಪಕ್ಕಿ ಒಳಗ ಜಗ್ಗಿದ್ರ, ಹಾಲು ಬಿಟ್ರ, ಅವತ್ತ ದವಾಖಾನಿ. ಮಗು ಅಳಬಾರದು, ಮಲಗಿರಬೇಕು. ಅಂಗಿ ಮ್ಯಾಲೆತ್ತಿ, ಮೊಬೈಲಿನ್ಯಾಗ ಟೈಮರ್ ಹಚ್ಚಿ, ಹೊಟ್ಟಿ ಏರಿಳಿಯೋದನ್ನ ಪೂರ್ತಿ 60 ಸೆಕೆಂಡ್ ಎಣಸ್ರಿ. ಹದಿನೈದು ಸೆಕೆಂಡ್ ಎಣಿಸಿ ನಾಕರಿಂದ ಗುಣಿಸಬ್ಯಾಡ್ರಿ, ಎಳೆ ಕೂಸಿನ ಉಸಿರು ಒಂದ ಸಮ ಇರಂಗಿಲ್ಲ.