ಹವಾಮಾನ ನೀತಿಯನ್ನು ಓದುವವರು ನಮ್ಮ ಅಹವಾಲು ಸಭೆಗಳಿಗೂ ಬರಬೇಕು

ಕಾನೂನು ಪದವಿಯ ಪ್ರವೇಶ ನಡೆಯುವ ತಿಂಗಳುಗಳಲ್ಲಿ ಕುಮಟಾ, ಅಂಕೋಲಾ, ಶಿರಸಿ ಕಡೆಯ ಪರಿಚಿತರು ತಮ್ಮ ಮಕ್ಕಳ ಪರವಾಗಿ ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ. ಪರಿಸರ ಕಾನೂನು, ಹವಾಮಾನ ಬದಲಾವಣೆಯ ನೀತಿ ಎಂದು ಓದಲು ಹೊರಟರೆ ಮುಂದೆ ಹೊಟ್ಟೆಪಾಡು ನಡೆಯುವುದೇ ಎಂಬುದು ಆ ಪ್ರಶ್ನೆ. ಉತ್ತರ ಕನ್ನಡದಲ್ಲಿ ವಕೀಲಿ ಮಾಡುವವನಾಗಿ ನಾನು ಅವರಿಗೆ ಹೇಳುವುದು ಇಷ್ಟು: ಭೂಭಾಗದ ಸುಮಾರು ಶೇ 80ರಷ್ಟು ಅರಣ್ಯವೆಂದು ದಾಖಲೆಯಲ್ಲಿರುವ, ಉಳಿದದ್ದರಲ್ಲೂ ಒಂದು ಪಾಲು ಕಡಲ ದಂಡೆಗೂ ಅಳಿವೆಗಳಿಗೂ ಸೇರಿರುವ ಈ ಜಿಲ್ಲೆಯಲ್ಲಿ ಪರಿಸರ ಕಾನೂನನ್ನು ತಿಳಿಯದೆ ಸಾಮಾನ್ಯ ವಕೀಲಿಯೂ ಪೂರ್ತಿಯಾಗುವುದಿಲ್ಲ. ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಅತಿಕ್ರಮಣ ಭೂಮಿಯಲ್ಲಿ ತಲೆಮಾರುಗಳಿಂದ ನಿಂತಿರುವ ಮನೆ, ಮೀನುಗಾರರ ಕೇರಿಯಲ್ಲಿ ಕಟ್ಟಬೇಕೆಂದಿರುವ ಇನ್ನೊಂದು ಕೋಣೆ, ಹೊಳೆಯ ಮರಳು, ಇವುಗಳಲ್ಲಿ ಯಾವ ಕಡತವನ್ನು ಬಿಚ್ಚಿದರೂ ಎರಡನೆಯ ಪುಟದಲ್ಲಿ ಅರಣ್ಯ ಕಾಯ್ದೆಯೋ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯೋ ಎದುರಾಗುತ್ತದೆ. ಆದ್ದರಿಂದ ಕೆಲಸ ಸಿಗುವುದೇ ಎಂಬ ಚಿಂತೆ ನನಗಿಲ್ಲ. ನನ್ನ ಚಿಂತೆ ಈ ವಿಷಯವನ್ನು ನಮ್ಮ ಮಕ್ಕಳು ಹೇಗೆ ಓದುತ್ತಿದ್ದಾರೆ ಎಂಬುದರ ಬಗ್ಗೆ.

ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಪರಿಸರ ಕಾನೂನು ಎಲ್‌ಎಲ್‌ಬಿಯಲ್ಲಿ ಕಡ್ಡಾಯ ವಿಷಯ. ವಿದ್ಯಾರ್ಥಿಗಳು 1974ರ ಜಲ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, ಭೋಪಾಲ ದುರಂತದ ಬೆನ್ನಿಗೆ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ, ಮುನ್ನೆಚ್ಚರಿಕೆಯ ತತ್ತ್ವವನ್ನೂ ಮಲಿನ ಮಾಡಿದವನೇ ಬೆಲೆ ತೆರಬೇಕೆಂಬ ತತ್ತ್ವವನ್ನೂ ನಮ್ಮ ಕಾನೂನಿನ ಭಾಗವೆಂದು ಸಾರಿದ ಸುಪ್ರೀಂ ಕೋರ್ಟಿನ 1996ರ ವೆಲ್ಲೂರು ತೀರ್ಪು, ಇವನ್ನೆಲ್ಲ ಕ್ರಮವಾಗಿ ಕಲಿಯುತ್ತಾರೆ. ಹವಾಮಾನ ಬದಲಾವಣೆ ಕೊನೆಯ ಅಧ್ಯಾಯದಲ್ಲಿ ಬರುತ್ತದೆ. 1992ರ ಚೌಕಟ್ಟು ಒಪ್ಪಂದ, 2015ರ ಪ್ಯಾರಿಸ್ ಒಪ್ಪಂದ, 2005ರ ಮಟ್ಟಕ್ಕೆ ಹೋಲಿಸಿ ಆರ್ಥಿಕ ಉತ್ಪನ್ನದ ಪ್ರತಿ ಘಟಕಕ್ಕೆ ಹೊರಬೀಳುವ ಹಸಿರುಮನೆ ಅನಿಲದ ಪ್ರಮಾಣವನ್ನು 2030ರೊಳಗೆ ಶೇ 45ರಷ್ಟು ತಗ್ಗಿಸುವ ಭಾರತದ ವಾಗ್ದಾನ, 2070ರ ನಿವ್ವಳ ಶೂನ್ಯದ ಗುರಿ, ಅಲ್ಲಿಗೆ ಪಠ್ಯ ಮುಗಿಯುತ್ತದೆ. ಮೊದಲ ಅಧ್ಯಾಯಗಳಿಗೂ ಈ ಕೊನೆಯ ಅಧ್ಯಾಯಕ್ಕೂ ನಡುವೆ ಏನು ಸಂಬಂಧವೆಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಹವಾಮಾನ ಬದಲಾವಣೆಗೆಂದೇ ಒಂದು ಸಮಗ್ರ ಕಾಯ್ದೆ ಇಲ್ಲ. 2008ರ ರಾಷ್ಟ್ರೀಯ ಕ್ರಿಯಾ ಯೋಜನೆ, ಅದರ ಎಂಟು ಅಭಿಯಾನಗಳು ಸರ್ಕಾರದ ನೀತಿಗಳು. ಅವನ್ನು ಹಿಡಿದು ನ್ಯಾಯಾಲಯದಲ್ಲಿ ನೇರವಾಗಿ ಹಕ್ಕು ಸಾಧಿಸುವುದು ಕಷ್ಟ. ಹಾಗಾಗಿ ಹವಾಮಾನದ ಪ್ರಶ್ನೆಯನ್ನು, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯದ ಹಳೆಯ ಕಾಯ್ದೆಗಳ ಒಳಗೇ ಎತ್ತಬೇಕಾಗುತ್ತದೆ. ಈ ಕೆಲಸಕ್ಕೆ ಬೇಕಾದ ತರಬೇತಿ ಎಲ್ಲಿಯೂ ಸಾಲದಾಗಿದೆ, ನಮ್ಮ ಜಿಲ್ಲೆಯಲ್ಲಂತೂ ಇಲ್ಲವೇ ಇಲ್ಲ ಎನ್ನಬೇಕು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದ್ದ ಚಹಾದಂಗಡಿ, ವಾಹನ, ಮನುಷ್ಯರನ್ನು ಗಂಗಾವಳಿಗೆ ತಳ್ಳಿತು. ಹೊಳೆಗೆ ಬಿದ್ದ ಮಣ್ಣಿನ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಇದಕ್ಕೆ ಮೂರು ವರ್ಷ ಮೊದಲು, 2021ರ ಜುಲೈನಲ್ಲಿ, ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟಗಳೇ ಜಾರಿಹೋಗಿದ್ದವು. ಇಂಥ ದುರಂತವಾದಾಗ ಮಳೆಯನ್ನು ದೂರುವವರೂ ರಸ್ತೆಗಾಗಿ ಗುಡ್ಡ ಕಡಿದದ್ದನ್ನು ದೂರುವವರೂ ಬೇರೆಬೇರೆ ಗುಂಪಾಗುತ್ತಾರೆ. ಪರಿಸರ ಕಾನೂನಿನ ವಿದ್ಯಾರ್ಥಿ ಎರಡನ್ನೂ ಒಟ್ಟಿಗೆ ಓದಬೇಕು. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಗೆ 2013ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಈಗಿರುವ ರಾಷ್ಟ್ರೀಯ ಹೆದ್ದಾರಿಯ ವಿಸ್ತರಣೆಗೆ ಪರಿಸರ ಅನುಮತಿ ಬೇಕಾಗುವುದು ಅದರ ಉದ್ದ 100 ಕಿಲೋಮೀಟರಿಗಿಂತ ಹೆಚ್ಚಿದ್ದು, ಹಳೆಯ ಮಾರ್ಗದಲ್ಲಿ 40 ಮೀಟರಿಗಿಂತಲೂ ಹೊಸದಾಗಿ ತಿರುಗಿಸಿದ ಮಾರ್ಗದಲ್ಲಿ 60 ಮೀಟರಿಗಿಂತಲೂ ಹೆಚ್ಚು ಅಗಲಕ್ಕೆ ಭೂಮಿ ಬೇಕಾದಾಗ. ಈ ಅಳತೆಯಲ್ಲಿ ಉದ್ದವಿದೆ, ಅಗಲವಿದೆ. ಗುಡ್ಡದ ಇಳಿಜಾರು ಇಲ್ಲ, ಅಲ್ಲಿ ಬೀಳುವ ಮಳೆಯೂ ಇಲ್ಲ. ಬಯಲುಸೀಮೆಯ ನೆಟ್ಟನೆಯ ರಸ್ತೆಗೂ, ಒಂದು ಬದಿಗೆ ಜಂಬಿಟ್ಟಿಗೆಯ ಗುಡ್ಡ, ಇನ್ನೊಂದು ಬದಿಗೆ ಹೊಳೆ ಇರುವ ನಮ್ಮ ರಸ್ತೆಗೂ ಒಂದೇ ಮಾನದಂಡ. 24 ಗಂಟೆಯಲ್ಲಿ 204.5 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಬಿಸಿಯಾಗುತ್ತಿರುವ ಅರಬ್ಬಿ ಸಮುದ್ರದ ಮಗ್ಗುಲಲ್ಲಿ ಬದುಕುವ ನಾವು ಅಂಥ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಗುಡ್ಡ ಕಡಿಯಲು ಯಾರಿಗೂ ಅನುಮತಿ ಸಿಗಬಾರದು ಎಂದು ವಾದಿಸುವ ವಕೀಲ ಬೇಕಾಗಿದ್ದಾನೆ.

ಕಡಲ ದಂಡೆಯ ಕಥೆ ಇನ್ನೂ ಸೂಕ್ಷ್ಮವಾದದ್ದು. ಸಿಆರ್‌ಝಡ್ ಎಂದರೆ ಮನೆ ಕಟ್ಟಲು ಬಿಡದ ಕಾನೂನು ಎಂದಷ್ಟೇ ನಮ್ಮ ಊರುಗಳಲ್ಲಿ ಹೆಸರಾಗಿದೆ, ಮತ್ತು ಆ ದೂರಿನಲ್ಲಿ ಬಹಳಷ್ಟು ನಿಜವಿದೆ. ಆದರೆ 2011ರ ಅಧಿಸೂಚನೆಯಲ್ಲಿ ಅಪಾಯ ರೇಖೆ ಎಂಬ ಒಂದು ಕಲ್ಪನೆ ಇತ್ತು. ಉಬ್ಬರ, ಅಲೆ, ದಂಡೆಯ ಕೊರೆತ, ಸಮುದ್ರ ಮಟ್ಟದ ಏರಿಕೆ ಇವನ್ನೆಲ್ಲ ಗಣನೆಗೆ ತೆಗೆದುಕೊಂಡು ಮುಂದೆ ನೀರು ಎಲ್ಲಿಯವರೆಗೆ ಬರಬಹುದೆಂದು ನಕ್ಷೆಯ ಮೇಲೆ ಗುರುತಿಸುವ ಗೆರೆ ಅದು. ಹವಾಮಾನ ಬದಲಾವಣೆಯನ್ನು ನಮ್ಮ ಕರಾವಳಿಯ ಕಾನೂನು ಹೆಸರು ಹಿಡಿದು ಒಳಗೆ ಕರೆದುಕೊಂಡ ಅಪರೂಪದ ಜಾಗವೂ ಹೌದು. 2019ರ ಅಧಿಸೂಚನೆ ಆ ಗೆರೆಯನ್ನು ವಿಪತ್ತು ನಿರ್ವಹಣೆಯ ಸಾಧನವಾಗಿ ಮಾತ್ರ ಉಳಿಸಿಕೊಂಡಿತು. ಅದೇ ಅಧಿಸೂಚನೆಯಲ್ಲಿ ಉಬ್ಬರದ ಪ್ರಭಾವವಿರುವ ಹೊಳೆಗಳ ದಡದ ನಿಯಂತ್ರಿತ ವಲಯ 100 ಮೀಟರಿನಿಂದ 50 ಮೀಟರಿಗೆ ಇಳಿಯಿತು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಈ ನಾಲ್ಕು ಹೊಳೆಗಳ ಬಾಯಲ್ಲಿ ಬದುಕುತ್ತಿರುವವರಿಗೆ ಇದಕ್ಕಿಂತ ಹತ್ತಿರದ ಕಾನೂನು ಇನ್ನೊಂದಿಲ್ಲ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುತ್ತ ಬಂದವರು, ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರು, ಸಮುದ್ರದ ಏರಿಳಿತದ ಬಗ್ಗೆ ಯಾವ ವರದಿಗಿಂತಲೂ ಹೆಚ್ಚು ಬಲ್ಲರು. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸರ್ ಮಾನ್ಯತೆ ಸಿಕ್ಕಿತು. ಈ ರೈತರ, ಹೆಂಗಸರ ತಿಳಿವಳಿಕೆಯನ್ನು ಪ್ರಮಾಣಪತ್ರದ ಭಾಷೆಯಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಒಪ್ಪುವ ಸಾಕ್ಷ್ಯವಾಗಿ ಬರೆದುಕೊಡುವವರು ಇಲ್ಲದಿದ್ದರೆ ಆ ಮಾನ್ಯತೆಯಿಂದ ಹೊಳೆಗೆ ಸಿಗುವ ರಕ್ಷಣೆ ಅಷ್ಟಕ್ಕಷ್ಟೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಎಂ.ಕೆ. ರಂಜಿತ್‌ಸಿಂಹ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿ ಬದುಕುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿರುವ ಹಕ್ಕು ಎಂದು ಹೇಳಿತು. ಇದು ದೊಡ್ಡ ಮಾತು, ವಿದ್ಯಾರ್ಥಿಗಳೆಲ್ಲ ಉತ್ಸಾಹದಿಂದ ಉಲ್ಲೇಖಿಸುತ್ತಾರೆ. ಆದರೆ ತೀರ್ಪನ್ನು ಪೂರ್ತಿ ಓದಬೇಕು. ಅದು ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಉಳಿವಿನ ಪ್ರಕರಣ. ರಾಜಸ್ಥಾನ, ಗುಜರಾತಿನ ವಿಶಾಲ ಪ್ರದೇಶದಲ್ಲಿ ವಿದ್ಯುತ್ ತಂತಿಗಳನ್ನು ನೆಲದಡಿ ಹಾಕಬೇಕೆಂದು 2021ರಲ್ಲಿ ಕೊಟ್ಟಿದ್ದ ಆದೇಶವನ್ನು, ಸೌರವಿದ್ಯುತ್ತಿನ ಅಗತ್ಯವನ್ನು ಮನ್ನಿಸಿ, ನ್ಯಾಯಾಲಯ ಇಲ್ಲಿ ಸಡಿಲಿಸಿತು. ಅಂದರೆ ಹವಾಮಾನದ ಹಕ್ಕು ಮೊದಲ ಸಲ ಇಷ್ಟು ಸ್ಪಷ್ಟವಾಗಿ ಉಚ್ಚಾರಗೊಂಡದ್ದು ಒಂದು ಹಕ್ಕಿಗಿದ್ದ ರಕ್ಷಣೆಯನ್ನು ಕಡಿಮೆ ಮಾಡುವ ಸಂದರ್ಭದಲ್ಲಿ. ಇದನ್ನು ತೀರ್ಪಿನ ನಿಂದೆಯಾಗಿ ಹೇಳುತ್ತಿಲ್ಲ. ಎರಡು ನಿಜವಾದ ಅಗತ್ಯಗಳು ಎದುರುಬದುರಾದಾಗ ನ್ಯಾಯಾಲಯ ತೂಗಿ ನೋಡಲೇಬೇಕು. ಆದರೆ ಅದೇ ತಕ್ಕಡಿ ನಮ್ಮ ಕಣಿವೆಗೂ ಬಂದಿದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿಟ್ಟು, ಬೇಕಾದಾಗ ಕೆಳಬಿಟ್ಟು ವಿದ್ಯುತ್ ಪಡೆಯುವ 2,000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡುವವರು ಗಾಳಿ, ಬಿಸಿಲಿನ ವಿದ್ಯುತ್ತನ್ನು ಕೂಡಿಡಲು ಅದು ಬೇಕೆನ್ನುತ್ತಾರೆ. ಯೋಜನೆಯ ಜಾಗ ಸಿಂಗಳೀಕಗಳಿಗೆಂದು ಘೋಷಿಸಿದ ಅಭಯಾರಣ್ಯದ ಒಳಗಿದೆ. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳ ಪರವಾಗಿಯೂ ಇಂಗಾಲವಿಲ್ಲದ ವಿದ್ಯುತ್ತು ಎಂಬ ವಾದವೇ ಮುಂದಿದೆ.

ಸುಮಾರು ನಲವತ್ತು ವರ್ಷಗಳ ಹಿಂದೆ ಬೇಡ್ತಿ ಜಲವಿದ್ಯುತ್ ಯೋಜನೆ, ಕೈಗಾ ಸ್ಥಾವರಗಳ ವಿರುದ್ಧದ ಹೋರಾಟಗಳಲ್ಲಿ ನಿಂತ ಹಿರಿಯರು ಅಭಿವೃದ್ಧಿ ಎಂಬ ಮಾತಿಗೆ ಕಾಡು ಎಂಬ ಉತ್ತರ ಕೊಟ್ಟರು. ಇಂದು ನಮ್ಮೆದುರಿಗೆ ಬರುತ್ತಿರುವ ಯೋಜನೆಗಳು ಪರಿಸರದ ಹೆಸರಿನಲ್ಲೇ ಬರುತ್ತಿವೆ. ಕೂಡಿಡುವ ವಿದ್ಯುತ್ತಿಗೆ ಬೇರೆ ದಾರಿಗಳಿವೆಯೇ, ಬೇರೆ ಜಾಗಗಳನ್ನು ಪರಿಶೀಲಿಸಿದ್ದಾರೆಯೇ, ನೀರನ್ನು ಮೇಲೆತ್ತಲು ಖರ್ಚಾಗುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚಿರುವಾಗ ಆ ನಷ್ಟವನ್ನು ಹೇಗೆ ಲೆಕ್ಕ ಹಾಕಿದ್ದಾರೆ, ಕಡಿಯುವ ನಿತ್ಯಹರಿದ್ವರ್ಣ ಕಾಡಿನಲ್ಲಿದ್ದ ಇಂಗಾಲ ಆ ಲೆಕ್ಕದಲ್ಲಿ ಸೇರಿದೆಯೇ, ಇಳಿಜಾರಿನಲ್ಲಿ ಸುರಂಗ ತೋಡಿದರೆ ಭಾರಿ ಮಳೆಯ ದಿನಗಳಲ್ಲಿ ಏನಾಗುತ್ತದೆ, ಹೊನ್ನಾವರದ ಅಳಿವೆಗೆ ಸಿಹಿನೀರು ಬರುವ ಕ್ರಮ ಬದಲಾಗುತ್ತದೆಯೇ? ಈ ಪ್ರಶ್ನೆಗಳನ್ನು ಕೇಳಲು ಕಾಡಿನ ಪ್ರೀತಿಯ ಜೊತೆಗೆ ಹವಾಮಾನ ನೀತಿಯ ವ್ಯಾಸಂಗವೂ ಬೇಕು. ಬರೀ ನೀತಿಯನ್ನು ಓದಿದವರು ಮೆಗಾವಾಟುಗಳನ್ನು ನೋಡುತ್ತಾರೆ, ಬರೀ ಅರಣ್ಯ ಕಾನೂನನ್ನು ಓದಿದವರು ಹೆಕ್ಟೇರುಗಳನ್ನು ನೋಡುತ್ತಾರೆ, ಮತ್ತು ಎರಡೂ ಕಡೆಯವರು ಒಬ್ಬರಿಗೊಬ್ಬರು ಉತ್ತರ ಕೊಡಲಾರದೆ ಸಭೆಯಿಂದ ಎದ್ದು ಹೋಗುತ್ತಾರೆ.

ಆ ಸಭೆಯ ಬಗ್ಗೆಯೇ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪಠ್ಯದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಸಾರ್ವಜನಿಕ ಅಹವಾಲು ಸಭೆಯೇ ಯೋಜನೆಗೆ ಪರಿಸರ ಅನುಮತಿ ಸಿಗುವ ಮೊದಲು ಎದುರು ನಿಂತು ಮಾತಾಡಲು ಊರಿನವರಿಗೆ ಕಾನೂನು ಕೊಟ್ಟಿರುವ ಔಪಚಾರಿಕ ಅವಕಾಶ. 2006ರ ಅಧಿಸೂಚನೆಯ ನಾಲ್ಕನೇ ಅನುಬಂಧದ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿ ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ಯೋಜನೆಯ ಪರಿಸರ ಪರಿಣಾಮದ ಕರಡು ವರದಿಯ ಜೊತೆಗೆ ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಬರೆದು, ಸಭೆ ಮುಗಿಯುವ ಮೊದಲು ಎಲ್ಲರಿಗೂ ಕೇಳುವಂತೆ ಓದಿ ಹೇಳಬೇಕು. ಇಡೀ ಸಭೆಯ ವಿಡಿಯೊ ಚಿತ್ರಣವಾಗಬೇಕು. ಈ ಕೊನೆಯ ಹಂತದ ಹೊತ್ತಿಗೆ ಜನ ಸಿಟ್ಟಿನಿಂದಲೋ ಹಸಿವಿನಿಂದಲೋ ಮನೆಗೆ ಹೊರಟಿರುತ್ತಾರೆ, ಆದರೆ ಮುಂದೆ ನ್ಯಾಯಮಂಡಳಿಯಲ್ಲಿ ಮೌಲ್ಯ ಬರುವುದು ಅಲ್ಲಿ ದಾಖಲಾದ ಮಾತಿಗೇ. ನೂರಾರು ಪುಟಗಳ ಮೂಲ ವರದಿ ಮಾತ್ರ ಇಂಗ್ಲಿಷಿನಲ್ಲೇ ಇರುತ್ತದೆ. ಮಳೆಯ ಅಂಕಿಅಂಶ ಯಾವ ವರ್ಷದ್ದು, ಸಸ್ಯ ಪ್ರಾಣಿಗಳ ಸಮೀಕ್ಷೆ ಯಾವ ಋತುವಿನಲ್ಲಿ ನಡೆದಿದೆ, ಮಳೆಗಾಲವನ್ನು ಬಿಟ್ಟಿದ್ದಾರೆಯೇ ಎಂಬುದೆಲ್ಲ ಆ ಪುಟಗಳಲ್ಲಿರುತ್ತದೆ, ಸಾರಾಂಶದಲ್ಲಿರುವುದಿಲ್ಲ. 2006ರ ಅಧಿಸೂಚನೆಯ ಬದಲಿಗೆ ತರಹೊರಟ 2020ರ ಕರಡು ಅಧಿಸೂಚನೆಯ ವೇಳೆ ದೆಹಲಿ ಹೈಕೋರ್ಟ್ ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದಿಸಬೇಕೆಂದಿತು. ಸ್ಥಳೀಯ ಭಾಷೆಗಳಲ್ಲಿ ಪ್ರಚಾರ ಸಿಗದ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಕೂಡ ಮಧ್ಯೆ ಪ್ರವೇಶಿಸಿತು. ಕನ್ನಡದಲ್ಲಿ ಕೇಳುವ ಹಕ್ಕಿಗೆ ಇಷ್ಟು ಬಲ ಬಂದಿರುವಾಗ ಅದನ್ನು ಬಳಸುವವರು ತಯಾರಾಗಬೇಡವೇ?

ಅನುಮತಿ ಸಿಕ್ಕ ಮೇಲೂ ದಾರಿ ಮುಚ್ಚುವುದಿಲ್ಲ. 2010ರ ಕಾಯ್ದೆಯಂತೆ ಹಸಿರು ನ್ಯಾಯಮಂಡಳಿಗೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನ ಸಿಗಬಹುದು, ಅದರ ಮೇಲೆ ಒಂದು ದಿನವೂ ಇಲ್ಲ. ನಮ್ಮ ಪೀಠ ಇರುವುದು ಚೆನ್ನೈಯಲ್ಲಿ. ಪರಿಸರ ಅನುಮತಿಗಳ ವಿವರ ಪ್ರಕಟವಾಗುವ ಸರ್ಕಾರದ ಪರಿವೇಶ್ ಜಾಲತಾಣವನ್ನು ವಾರಕ್ಕೊಮ್ಮೆ ನೋಡುವ ಒಬ್ಬರು ತಾಲ್ಲೂಕಿಗೆ ಇದ್ದರೆ ಅವಧಿ ಮೀರಿದ ಪ್ರಕರಣಗಳು ಎಷ್ಟೋ ಕಡಿಮೆಯಾಗುತ್ತವೆ. ಅನುಮತಿ ಪಡೆದವರು ಷರತ್ತುಗಳ ಪಾಲನೆಯ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕೆಂಬ ನಿಯಮವೂ ಇದೆ. ಸ್ಥಳದಲ್ಲಿ ನಿಂತು ಆ ವರದಿಯನ್ನು ತಾಳೆ ನೋಡುವ ಕೆಲಸ ದೂರದ ಸಂಶೋಧಕರಿಂದ ಆಗುವಂಥದ್ದಲ್ಲ.

ಕಾಡಿನ ಕಾನೂನನ್ನು ಓದುವವರು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಬಿಟ್ಟು ಓದಬಾರದೆಂದೂ ನಾನು ಒತ್ತಿ ಹೇಳುತ್ತೇನೆ. ಇತರೆ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದನ್ನು ತೋರಿಸಬೇಕೆಂಬ ಷರತ್ತಿನಿಂದ ನಮ್ಮ ಜಿಲ್ಲೆಯ ಬಹಳಷ್ಟು ಬಡ ಕುಟುಂಬಗಳ ಅರ್ಜಿಗಳು ತಿರಸ್ಕೃತವಾಗಿವೆ. ದೊಡ್ಡ ಯೋಜನೆಗೆ ನೂರಾರು ಹೆಕ್ಟೇರ್ ಕಾಡನ್ನು ಬಿಟ್ಟುಕೊಡುವ ವ್ಯವಸ್ಥೆ ಅರ್ಧ ಎಕರೆಯ ಮನೆಯವರನ್ನು ಒಕ್ಕಲೆಬ್ಬಿಸುವುದನ್ನು ಪರಿಸರ ರಕ್ಷಣೆ ಎಂದು ಕರೆದರೆ ಪರಿಸರ ಕಾನೂನಿನ ವಕೀಲರು ಅದನ್ನು ಒಪ್ಪಕೂಡದು.

ಇಷ್ಟೆಲ್ಲ ಓದಿ ಗೆದ್ದವರೆಷ್ಟು ಎಂದು ಕೇಳುವವರಿದ್ದಾರೆ. ನಮ್ಮ ನೆರೆಯ ಗೋವಾದ ಮೋಪಾ ವಿಮಾನ ನಿಲ್ದಾಣದ ಪ್ರಕರಣದಲ್ಲಿ, ಅರ್ಜಿಯಲ್ಲಿ ಪರಿಸರಸೂಕ್ಷ್ಮ ಪ್ರದೇಶಗಳ ಮಾಹಿತಿ ಸರಿಯಾಗಿ ಕೊಟ್ಟಿಲ್ಲವೆಂದು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅನುಮತಿಯನ್ನು ಅಮಾನತಿನಲ್ಲಿಟ್ಟಿತು. 2020ರ ಜನವರಿಯಲ್ಲಿ ಹೆಚ್ಚಿನ ಷರತ್ತುಗಳೊಂದಿಗೆ ಬಿಟ್ಟುಕೊಟ್ಟಿತು. ವಿಮಾನ ನಿಲ್ದಾಣದ ನಿರ್ಮಾಣವನ್ನು ತಡೆಯಲಾಗಲಿಲ್ಲ, ನಿಜ. ಆದರೆ ಅರ್ಜಿ ನಮೂನೆಯ ಒಂದೊಂದು ಅಂಕಣಕ್ಕೂ ಉತ್ತರದಾಯಿತ್ವವಿದೆ ಎಂಬುದು ಆ ತೀರ್ಪಿನಿಂದ ಸ್ಥಾಪಿತವಾಯಿತು, ಮುಂದಿನವರಿಗೆ ಅದು ಕೈಗೆ ಸಿಕ್ಕಿತು. 2019ರಲ್ಲಿ ಪೆಸಿಫಿಕ್ ಸಾಗರದ ದ್ವೀಪ ರಾಷ್ಟ್ರ ವನುವಾಟುವಿನಲ್ಲಿ ಕಾನೂನು ಓದುತ್ತಿದ್ದ ಒಂದು ಗುಂಪಿನ ವಿದ್ಯಾರ್ಥಿಗಳು ಆರಂಭಿಸಿದ ಪ್ರಯತ್ನ ವಿಶ್ವಸಂಸ್ಥೆಯ ಮಹಾಸಭೆಯನ್ನು ಹಾದು, 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯವಾಗಿ ಹೊರಬಂತು: ಹವಾಮಾನ ವ್ಯವಸ್ಥೆಯನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡ ನೆಲದ ಮಕ್ಕಳಿಗೆ ಇಂಥ ಪ್ರಯತ್ನ ಅಸಾಧ್ಯವೆಂದು ನಾನು ನಂಬುವುದಿಲ್ಲ.

ಜಿಲ್ಲೆಯ ಕಾನೂನು ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ವಿನಂತಿ ಇದೆ. ಪರಿಸರ ಕಾನೂನಿನ ಪ್ರತಿ ವಿದ್ಯಾರ್ಥಿಗೂ ಜಿಲ್ಲೆಯ ಒಂದೊಂದು ಯೋಜನೆಯ ಪೂರ್ಣ ವರದಿಯನ್ನು ಕೊಟ್ಟು, ಮಳೆ, ಇಳಿಜಾರು, ಸಮುದ್ರ ಮಟ್ಟದ ಬಗ್ಗೆ ಅದರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಹತ್ತು ಪುಟ ಕನ್ನಡದಲ್ಲಿ ಬರೆಸಿ, ಅದನ್ನು ಸಂಬಂಧಪಟ್ಟ ಗ್ರಾಮ ಪಂಚಾಯಿತಿಗೆ ತಲುಪಿಸುವಂತೆ ಮಾಡಿ. ಹಳೆಯ ಅಹವಾಲು ಸಭೆಗಳ ನಡಾವಳಿ, ಅನುಮತಿ ಪತ್ರ, ಕರಾವಳಿ ನಕ್ಷೆಗಳ ಪ್ರತಿ ಯಾರ ಮನೆಯ ಕಪಾಟಿನಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ಅವನ್ನು ಪ್ರತಿ ಮಾಡಿಸಿ, ಮೂಲವನ್ನು ನಿಮಗೆ ಮರಳಿಸಿ, ಕೇಳಿದ ವಿದ್ಯಾರ್ಥಿಗಳಿಗೆ ತಲುಪಿಸುವ ಹೊಣೆ ನನ್ನದು.